ಕಮರದ ತೋಪಡ

ಆ ತೋಪಡದ ಬಗ್ಗೆ ನಾನು ಎರಡು ವರ್ಷ ಒಂದೇ ಕಥೆ ಹೇಳಿಕೊಂಡು ಬಂದೆ.

ಚಳ್ಳಕೆರೆಯ ನಮ್ಮ ಮನೆಯ ಹಿಂದೆ, ಮೊದಲು ಎಮ್ಮೆ ಕಟ್ಟುತ್ತಿದ್ದ ಶೀಟಿನ ಕೋಣೆಯಲ್ಲಿ, ಅಪ್ಪ ಬಿಟ್ಟುಹೋದ ಬಡಗಿ ಸಾಮಾನುಗಳನ್ನು ಗೋಡೆಗೆ ತೂಗುಹಾಕಿದ್ದೇನೆ. ಉಳಿಗಳು, ಒಂದು ಬಾಚಿ, ಎರಡು ಗರಗಸ, ಹಗ್ಗ ಸುತ್ತಿ ತಿರುಗಿಸುವ ಒಂದು ಬೈರಿಗೆ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದ ಮೇಲೆ ಕೂತಲ್ಲಿ ಕೂರಲಾಗದೆ ಈ ಕೋಣೆ ಮಾಡಿಕೊಂಡೆ. ಒಂದು ಸ್ಟೂಲು, ಎರಡು ಕಪಾಟು ಮಾಡಿದ್ದೇನೆ. ಸ್ಟೂಲು ಇವತ್ತಿಗೂ ಅಲುಗಾಡುತ್ತದೆ. ಬಂದವರಿಗೆ ತೋರಿಸುತ್ತಿದ್ದದ್ದು ಸ್ಟೂಲನ್ನಲ್ಲ, ತೋಪಡವನ್ನು.

ಸಾಮಾನ್ಯ ತೋಪಡ ಹಲಗೆಯನ್ನು ನಯ ಮಾಡುತ್ತದೆ. ಇದು ಹಾಗಲ್ಲ. ನೂಕಿದರೆ ಹಲಗೆಯ ಉದ್ದಕ್ಕೂ ಸಣ್ಣದೊಂದು ತೋಡು ತೆಗೆಯುತ್ತದೆ. ಮೈ ಕಮರದ ಮರದ್ದು, ಕಪ್ಪುಗೆಂಪು ಬಣ್ಣ, ಕಲ್ಲಿನಂಥ ಭಾರ. ಎಡಮಗ್ಗುಲಲ್ಲಿ ಅರ್ಧಚಂದ್ರದಂಥ ಒಂದು ಕಪ್ಪು ಗುರುತು. "ಇದು ನಮ್ಮಜ್ಜನ ಹೆಬ್ಬೆರಳು" ಎನ್ನುತ್ತಿದ್ದೆ. "ಜೀವಮಾನವಿಡೀ ಅಲ್ಲೇ ಒತ್ತಿ ಒತ್ತಿ ಮರ ಕಪ್ಪಾಗಿದೆ." ಬಂದವರು ತಮ್ಮ ಹೆಬ್ಬೆರಳನ್ನು ಅಲ್ಲಿಟ್ಟು ನೋಡುತ್ತಿದ್ದರು. ಹಾಗೆ ಇಟ್ಟಾಗ ಅವರ ಮುಖದಲ್ಲಿ ಬರುತ್ತಿದ್ದ ಭಕ್ತಿಯನ್ನು ನೋಡುವುದು ನನಗೆ ಇಷ್ಟವಾಗುತ್ತಿತ್ತು.

ಮೂವತ್ತು ವರ್ಷ ಹುಡುಗರನ್ನು ಅಶೋಕನ ಶಾಸನವಿರುವ ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿ, "ಊರವರು ಹೇಳಿದ್ದನ್ನು ಬರೆದುಕೊಳ್ಳಿ, ನಂಬಬೇಡಿ" ಎಂದು ಬುದ್ಧಿ ಹೇಳಿದವನು ನಾನೇ.

ಹೋದ ಆಯುಧ ಪೂಜೆಗೆ ಮೊದಲು ಅದನ್ನು ಚೊಕ್ಕ ಮಾಡಲು ಕೂತೆ. ಹಳೆಯ ಜಿಡ್ಡನ್ನು ಮರಳುಕಾಗದದಲ್ಲಿ ತಿಕ್ಕಿದೆ. ಅಲಗನ್ನು ಬಜಾರಿನ ಸಾಣೆ ಮೆಷಿನ್ನಿಗೆ ಕೊಟ್ಟು ಹೊಳೆಯುವಂತೆ ಮಾಡಿಸಿದೆ. ಎರಡು ಸಲ ವಾರ್ನಿಷ್ ಬಳಿದೆ. ಕುಂಕುಮ ಇಟ್ಟು, ಹೂ ಏರಿಸಿ, ಫೋಟೊ ತೆಗೆದು ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದೆ. "ಅಜ್ಜನ ತೋಪಡ, ಅಪ್ಪನ ಕೈ ದಾಟಿ ನನಗೆ" ಎಂದು ಕೆಳಗೆ ಬರೆದಿದ್ದೆ. ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಬಂದವು. ಅವುಗಳ ಹಿಂದೆಯೇ ಮೊಳಕಾಲ್ಮೂರಿನಿಂದ, ಅತ್ತೆಯ ಮಗನ ಫೋನಿನಿಂದ, ಒಂದು ಧ್ವನಿ ಸಂದೇಶ ಬಂತು. ಮಾತಾಡಿದ್ದು ಅತ್ತೆ. ಅಪ್ಪನ ಒಬ್ಬಳೇ ತಂಗಿ.

"ಲೇ ಅಳಿಯ, ಅದು ನಿಮ್ಮಜ್ಜಂದಲ್ಲ ಕಣೋ. ನಮ್ಮನೆಯೋರ್ದು. ಹಿಂದ್ಗಡೆ ನೋಡು, ಮೂರು ಚುಕ್ಕಿ ಐತೆ. ಮೊಳೆ ಕಾಯ್ಸಿ ಅವ್ರೇ ಸುಟ್ಟು ಇಟ್ಟಿದ್ದು."

ಗುಂಪಿನಲ್ಲಿದ್ದವರೆಲ್ಲ ಅದನ್ನು ಕೇಳಿದರು. ಆಮೇಲೆ ಯಾರೂ ಕೈಮುಗಿಯಲಿಲ್ಲ.

ಹೋಗಿ ನೋಡಿದೆ. ತೋಪಡದ ಹಿಂಬದಿ ಕನ್ನಡಿಯಂತೆ ನುಣ್ಣಗಿತ್ತು. ಚುಕ್ಕಿ ಇದ್ದಿದ್ದರೂ ಇಲ್ಲದಿದ್ದರೂ ಈಗ ಒಂದೇ, ತಿಕ್ಕಿ ಹಾಕಿದ್ದೆ. ತಿಕ್ಕುವಾಗ ನೋಡಿದ್ದೆನೇ? ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. ಮೂರು ಚುಕ್ಕಿ ಸ್ಪಷ್ಟವಾಗಿ ಕಂಡವು. ಆದರೆ ಅತ್ತೆ ಹೇಳುವ ಮೊದಲು ಅವು ಕಂಡಿದ್ದವೇ? ಚೊಕ್ಕ ಮಾಡುವ ಮೊದಲು ತೆಗೆದ ಒಂದು ಫೋಟೊ ಸಿಕ್ಕಿತು. ಹಿಂಬದಿ ನೆರಳಲ್ಲಿತ್ತು. ದೊಡ್ಡದು ಮಾಡಿದಷ್ಟೂ ಕಪ್ಪು ಚೌಕಗಳೇ ಹೆಚ್ಚಾದವು.

ಅಜ್ಜನ ನೆನಪನ್ನಾದರೂ ಗಟ್ಟಿ ಮಾಡಿಕೊಳ್ಳೋಣ ಎಂದುಕೊಂಡೆ. ಬ್ರಹ್ಮಗಿರಿ ಪಕ್ಕದ ಸಿದ್ದಾಪುರದ ಕಡೆಯ ಹಳ್ಳಿಯಲ್ಲಿ ಅಜ್ಜ ಬಗ್ಗಿ ಈ ತೋಪಡ ನೂಕುತ್ತಿರುವುದು, ಬಿಸಿಲು ಅದರ ಮೈಮೇಲೆ ಬಿದ್ದು ಮಿಂಚುವುದು. ಈ ಚಿತ್ರ ನನ್ನಲ್ಲಿ ಎಷ್ಟೋ ಕಾಲದಿಂದ ಇದೆ ಎಂದು ನಂಬಿದ್ದೆ. ಮಿಂಚು ಎಲ್ಲಿಂದ ಬಂತು ಎಂದು ಯೋಚಿಸಿದೆ. ಅಂಥ ಮಿಂಚು ಬರುವುದು ವಾರ್ನಿಷ್‌ನಿಂದ. ಬಳಿದವನು ನಾನು, ಹದಿನೈದು ದಿನದ ಹಿಂದೆ.

"ಕ್ಲಾಸಲ್ಲಿ ಎಲ್ಲರಿಗೂ ಆಧಾರ ಎಲ್ಲಿ, ಆಧಾರ ಎಲ್ಲಿ ಅಂತಿದ್ರಿ" ಎಂದಳು ಹೆಂಡತಿ. "ಈಗ ನಿಮ್ಮ ಆಧಾರ ತೋರ್ಸಿ ನೋಡೋಣ."

"ಅಪ್ಪ ಹೇಳಿದ್ದು" ಎಂದೆ.

"ಏನಂತ?"

ಅಪ್ಪ ಏನಂತ ಹೇಳಿದ್ದರು? "ಹಳೇದು, ಜೋಪಾನ" ಎಂದಿದ್ದರು. ಅಜ್ಜನದು ಎಂದು ಹೇಳಿದ್ದರೋ, ಹಳೆಯದು ಎಂಬ ಮಾತಿಗೆ ಅಜ್ಜನನ್ನು ನಾನೇ ಅಂಟಿಸಿಕೊಂಡೆನೋ?

ನನಗೆ ಮೊದಲು ಅನುಮಾನ ಬಂದದ್ದು ಅತ್ತೆಯ ಮಗನ ಮೇಲೆ. ಬಳ್ಳಾರಿ ಕಡೆಯಿಂದ ಹಳೆಯ ಬಾಗಿಲು, ಕಂಬ, ಬಂಡಿಯ ಗಾಲಿಗಳನ್ನು ಹೋಟೆಲುಗಳ ಗೋಡೆಗೆಂದು ಹುಡುಕಿಕೊಂಡು ಬರುವವರಿದ್ದಾರೆ ಎಂದು ಕೇಳಿದ್ದೆ. ಯಾರೋ ತೋಪಡವನ್ನೂ ಕೇಳಿರಬೇಕು, ಇವನು ಮುದುಕಿಯ ಬಾಯಲ್ಲಿ ಚುಕ್ಕಿಯ ಕಥೆ ಹೇಳಿಸಿರಬೇಕು. ಈ ಅನುಮಾನದಲ್ಲಿ ಎರಡು ದಿನ ಹಾಯಾಗಿದ್ದೆ. ಮೂರನೆಯ ದಿನ ಅದರ ಬೆನ್ನಿಗೇ ಇನ್ನೊಂದು ಬಂತು. ಅತ್ತೆಯ ಮಾತು ನಿಜವಾದರೆ, ಅಪ್ಪ ಗಂಡ ಸತ್ತ ತಂಗಿಯ ಮನೆಯಿಂದ ಸಾಮಾನು ತಂದು ಇಟ್ಟುಕೊಂಡವರಾದರು. ಯಾರ ಒಂದು ಮೊಳೆಯನ್ನೂ ಮುಟ್ಟದ ಮನುಷ್ಯ ಎಂದು ನಾನು ನಂಬಿದ್ದ ಅಪ್ಪ. ತೋಪಡ ಹೋದರೆ ಹೋಗಲಿ, ಅಪ್ಪ ಹೋಗುವಂತಿರಲಿಲ್ಲ.

ಅದನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ, ಬ್ಯಾಗಿಗೆ ಹಾಕಿಕೊಂಡು ಬೆಳಗಿನ ಬಸ್ಸು ಹತ್ತಿದೆ. ತಳಕು ದಾಟುವವರೆಗೂ ಬ್ಯಾಗು ತೊಡೆಯ ಮೇಲಿತ್ತು. ಭಾರ ತಡೆಯದೆ ಕಾಲಬಳಿ ಇಳಿಸಿದೆ. ಪಕ್ಕದಲ್ಲಿದ್ದವನು "ಏನ್ರೀ, ಕಲ್ಲಾ?" ಎಂದ. "ಮರ" ಎಂದೆ. ನಂಬಲಿಲ್ಲ.

ಮೊಳಕಾಲ್ಮೂರಿನಲ್ಲಿ ಅತ್ತೆಯ ಮನೆ ಇರುವುದು ನೇಕಾರರ ಬೀದಿಯಲ್ಲಿ. ಸುತ್ತ ಮಗ್ಗಗಳ ಸದ್ದು, ಇವರ ಮನೆಯಲ್ಲಿ ಮಾತ್ರ ಮಗ್ಗವಿಲ್ಲ, ಮಗ್ಗ ಮಾಡುವವರ ಮನೆ ಅದು. ಮಾವ ಇದ್ದಾಗ ಹೊಸ ಮಗ್ಗಗಳನ್ನೇ ಮಾಡುತ್ತಿದ್ದರು. ಈಗ ಮಗ ಮುರಿದದ್ದನ್ನು ರಿಪೇರಿ ಮಾಡುತ್ತಾನೆ. ಪಡಸಾಲೆಯಲ್ಲಿ ಕೂತು ಉದ್ದನೆಯ ಮರವೊಂದಕ್ಕೆ ಉಳಿಯಿಂದ ತೋಡು ಕೊರೆಯುತ್ತಿದ್ದ. ರೇಷ್ಮೆ ಎಳೆಗಳನ್ನು ಬೇರೆಬೇರೆ ಹಿಡಿಯುವ ಹಣಿಗೆ ಆ ತೋಡಿನಲ್ಲಿ ಕೂರಬೇಕು. ಒಂದು ಕೂದಲು ಹೆಚ್ಚುಕಡಿಮೆಯಾದರೂ ಹಣಿಗೆ ಅಲುಗಿ ಸೀರೆ ಕೆಡುತ್ತದೆ.

"ಬಾ ಬಾವ. ಕಳ್ಳಮಾಲು ತಂದ್ಯಾ?" ಎಂದ ನಗುತ್ತ.

"ಸುಮ್ನಿರೋ" ಎಂದು ಅತ್ತೆ ಒಳಗಿಂದ ಬಂದಳು. "ನೀರು ಕುಡಿಯೋ ಮುಂಚೇನೇ ಶುರು ಹಚ್ಕಂಡ."

ಬಿಚ್ಚಿ ಕೊಟ್ಟೆ. ಅತ್ತೆ ತಿರುಗಿಸಿ ಹಿಂಬದಿ ನೋಡಿದಳು. ಹೆಬ್ಬೆರಳಿನಿಂದ ಸವರಿದಳು. ಮತ್ತೆ ನೋಡಿದಳು.

"ಎಲ್ಲೋ ಚುಕ್ಕಿ?"

"ಚೊಕ್ಕ ಮಾಡುವಾಗ ತಿಕ್ಕಿದೆ ಅತ್ತೆ. ಇತ್ತೋ ಇಲ್ಲವೋ ನೋಡಿಲ್ಲ."

"ನೋಡ್ದೇ ತಿಕ್ಕಿದ್ಯಾ, ನೋಡಿ ತಿಕ್ಕಿದ್ಯಾ?"

ನಾನು ಎಷ್ಟೋ ಜನರಿಗೆ ಕೇಳುತ್ತಿದ್ದಂಥ ಪ್ರಶ್ನೆ ಅದು. ನನಗೆ ಯಾರೂ ಕೇಳಿರಲಿಲ್ಲ. ನನ್ನ ಕಾಲೇಜಿನ ದನಿ ತಾನಾಗಿ ಹೊರಬಂತು. "ಚುಕ್ಕಿ ಇದ್ದರೂ ಅದು ಮಾವ ಇಟ್ಟದ್ದೇ ಅಂತ ಹೇಗೆ ಹೇಳ್ತೀರಿ? ಅಜ್ಜನದನ್ನ ಮಾವ ತಗೊಂಡು ಬಂದಿರಬಹುದಲ್ಲ?"

ಅತ್ತೆಯ ಮಗ ಉಳಿ ಕೆಳಗಿಟ್ಟ. "ಅಜ್ಜ ಏನ್ ಮಾಡ್ತಿದ್ದ ಬಾವ?"

"ಎತ್ತಿನ ಬಂಡಿ. ನೇಗಿಲು."

"ಬಂಡಿ ಮಾಡೋನಿಗೆ ಈ ತೋಡು ಯಾತಕ್ಕಪ್ಪಾ? ಯಾವ ಬಂಡಿಯಾಗೆ ನೋಡಿದ್ಯಾ ಇಂಥದ್ನ?"

ಬಂಡಿಯ ಮೂಕಿ, ಗಾಲಿ, ಅಚ್ಚು ಎಲ್ಲವನ್ನೂ ಮನಸ್ಸಿನಲ್ಲೇ ಬಿಚ್ಚಿ ಜೋಡಿಸಿ ನೋಡಿದೆ. ತೋಡು ಎಲ್ಲೂ ಸಿಗಲಿಲ್ಲ. ಎರಡು ವರ್ಷದಲ್ಲಿ ಇಷ್ಟು ಸರಳವಾದ ಪ್ರಶ್ನೆಯನ್ನು ನಾನು ಕೇಳಿಕೊಂಡೇ ಇರಲಿಲ್ಲ. ಹೆಬ್ಬೆರಳಿನ ಕಥೆ ಅಷ್ಟು ಚೆನ್ನಾಗಿತ್ತು.

ಅವನು ಒಳಗೆ ಹೋಗಿ ಅಟ್ಟದಿಂದ ಒಂದು ಗೋಣಿಚೀಲ ಇಳಿಸಿದ. ಅದರಿಂದ ತೆಗೆದದ್ದು ಇನ್ನೊಂದು ತೋಪಡ. ಜಿಡ್ಡು ಹಿಡಿದು ಕರ್ರಗಿತ್ತು. ಹಿಂಬದಿಯಲ್ಲಿ ಮೂರು ಚುಕ್ಕಿಗಳಿದ್ದವು. ನನ್ನದು ತೋಡು ತೆಗೆಯುತ್ತದೆ, ಇದು ಆ ತೋಡಿನೊಳಗೆ ಕೂರುವ ಏಣು, ಅಂದರೆ ಉಬ್ಬಿದ ಅಂಚು, ತೆಗೆಯುತ್ತದೆ, ಎರಡೂ ಜೋಡಿ ಎಂದ. ನನಗೆ ಇನ್ನೂ ಸಮಾಧಾನವಾಗಲಿಲ್ಲ. ಜೋಡಿ ಎಂದು ಯಾವುದಕ್ಕೆ ಯಾವುದನ್ನಾದರೂ ಸೇರಿಸಬಹುದು, ಚುಕ್ಕಿಯನ್ನು ನಿನ್ನೆ ಬೇಕಾದರೂ ಸುಡಬಹುದು. ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಮುಖದಲ್ಲಿ ಕಂಡಿರಬೇಕು.

ಅವನು ಒದ್ದೆ ಬಟ್ಟೆಯಲ್ಲಿ ಅದರ ಬಲಮಗ್ಗುಲನ್ನು ಒರೆಸಿದ. ಆಮೇಲೆ ಎರಡನ್ನೂ ಆ ಮಗ್ಗುಲುಗಳು ಕಾಣುವಂತೆ, ಬಿಡಿಸಿದ ಪುಸ್ತಕದ ಹಾಗೆ ಅಕ್ಕಪಕ್ಕ ಹಿಡಿದ.

"ಚೂಡಮ್ಮಾ" ಎಂದ ತಾಯಿಗೆ. ನೋಡು ಎಂದು, ತೆಲುಗಿನಲ್ಲಿ.

ನನ್ನ ತೋಪಡದ ಅರ್ಧಚಂದ್ರಕ್ಕೆ ಎದುರಾಗಿ, ಅಷ್ಟೇ ಎತ್ತರದಲ್ಲಿ, ಅದರಲ್ಲೂ ಒಂದು ಅರ್ಧಚಂದ್ರವಿತ್ತು. ಮುಚ್ಚಿದಾಗ ಅಂಚಿಗೆ ಅಂಚು ಕೂತಿತು. ಮರದ ಗಂಟು ಅದು. ಒಂದೇ ತುಂಡು ಕಮರವನ್ನು ಎರಡು ಸೀಳುವಾಗ ಗರಗಸ ಗಂಟಿನ ನಡುವೆ ಹಾದಿತ್ತು. ಗಂಟಿನ ಸುತ್ತ ಬಳಸಿ ಹೋದ ಗೆರೆಗಳು ಒಂದರಲ್ಲಿದ್ದಂತೆಯೇ ಇನ್ನೊಂದರಲ್ಲೂ ಇದ್ದವು. ನನ್ನ ಮರಳುಕಾಗದ ಚುಕ್ಕಿಗಳನ್ನು ಅಳಿಸಿತ್ತು, ಜಿಡ್ಡಿನಡಿ ಇದ್ದ ಗೆರೆಗಳನ್ನು ಎದ್ದು ಕಾಣಿಸಿತ್ತು. ಆಧಾರ ಬೇಕೆಂದವನಿಗೆ ಆಧಾರ ಸಿಕ್ಕಿತು. ಅಜ್ಜನ ಹೆಬ್ಬೆರಳಿಗೆ ತಮ್ಮ ಬೆರಳು ಇಟ್ಟವರ ಮುಖಗಳು ಒಂದೊಂದಾಗಿ ಕಣ್ಣೆದುರು ಬಂದವು.

"ಹಂಗಾದ್ರೆ ಅಪ್ಪ ಇದನ್ನ..." ಎಂದು ನಿಲ್ಲಿಸಿದೆ.

ಅತ್ತೆ ಕಂಬಕ್ಕೆ ಒರಗಿ ಕೂತಳು. "ನಮ್ಮನೆಯೋರು ಹೋದಾಗ ಎರಡು ಮಗ್ಗ ಅರ್ಧಕ್ಕೇ ನಿಂತಿದ್ವು. ನಿಮ್ಮಪ್ಪ ಬಂದು ಒಂದು ತಿಂಗ್ಳಿದ್ದು ಮುಗ್ಸಿಕೊಟ್ಟ. ಇವನಿಗೆ ಆಗ ಉಳಿ ಹಿಡಿಯಾಕೂ ಬರ್ತಿರ್ಲಿಲ್ಲ. ಹೋಗುವಾಗ ಅವನ ಚೀಲ ಅವನು ತಗಂಡ. ಅದ್ರಾಗೆ ಇದನ್ನ ಹಾಕ್ಕಂಡನೋ, ಇದೇ ಉಳ್ಕಂತೋ, ನಂಗೇನು ಗೊತ್ತು."

"ಕೇಳಲಿಲ್ವಾ?"

"ಯಾತಕ್ಕೆ ಕೇಳ್ಲಿ? ತವರು ಅಂತ ನಂಗಿದ್ದಿದ್ದು ಅದೊಂದೇ ಬಾಗ್ಲು. ಒಂದು ಮರದ ತುಂಡಿಗೋಸ್ಕರ ಮುಚ್ಕಳ್ಳಾ? ವರ್ಷಕ್ಕೊಂದು ಸಲ ಹೋದ್ರೆ ಸೀರೆ ಉಡ್ಸಿ ಕಳಿಸ್ತಿದ್ದ. ಅವನು ಹೋದ ಮ್ಯಾಲೆ ಇನ್ನೇನು ಮುಚ್ಚೋದೈತೆ ಅಂತ ಹೇಳ್ದೆ."

ಅಪ್ಪ ತೀರಿಕೊಂಡ ಮೇಲೆ ಅತ್ತೆ ನಮ್ಮ ಮನೆಗೆ ಬಂದಿರಲಿಲ್ಲ ಎಂಬುದು ನನಗೆ ಹೊಳೆದದ್ದೇ ಆಗ. ನಾನು ಕರೆದಿರಲೂ ಇಲ್ಲ.

ಅತ್ತೆಯ ಮಗ ಅಲಗನ್ನು ಹೊರಗೆಳೆದು ಬೆಳಕಿಗೆ ಹಿಡಿದು ತಲೆ ಚಚ್ಚಿಕೊಂಡ. "ಯಾವನ್ ಬಾವ ಸಾಣೆ ಹಿಡಿದೋನು? ಮೂಲೆ ಎಲ್ಲಾ ದುಂಡಗೆ ಮಾಡವ್ನೆ. ಇದ್ರಾಗೆ ತೋಡು ಅಲ್ಲ, ಚರಂಡಿ ತೆಗೀಬೋದು." ಸಾಣೆಕಲ್ಲಿಗೆ ನೀರು ಚಿಮುಕಿಸಿ ತೀಡಲು ಕೂತ. ಬಳ್ಳಾರಿಯ ಹೋಟೆಲಿನವರಿಗೆ ಮಾರುವವನು ಹೀಗೆ ಕೂರುವುದಿಲ್ಲ ಎಂಬುದು ನನಗೂ ತಿಳಿಯಿತು.

ಅತ್ತೆ ಅವನ ಕೈಯನ್ನೇ ನೋಡುತ್ತಿದ್ದಳು. ನನ್ನ ಕಡೆ ತಿರುಗದೆ ಕೇಳಿದಳು. "ನಿಮ್ಮಪ್ಪ ಯಾವತ್ತಾದ್ರೂ ಇದು ತಂಗೀದು ಅಂದಿದ್ನೇನೋ?"

ಹೂಂ ಎನ್ನಬಹುದಿತ್ತು. ಅಂದಿದ್ದರೆ ಅಪ್ಪನೂ ಉಳಿಯುತ್ತಿದ್ದರು, ಅತ್ತೆಗೂ ಸಮಾಧಾನವಾಗುತ್ತಿತ್ತು. ನನ್ನ ತಲೆಯಾದರೋ ಆಗಲೇ ಕೆಲಸ ಶುರು ಮಾಡಿತ್ತು: ಜಗಲಿ, ಅಪ್ಪ, "ಜೋಪಾನ, ಇದು ಅತ್ತೇದು" ಎಂಬ ಮಾತು. ಇನ್ನೆರಡು ನಿಮಿಷ ಬಿಟ್ಟಿದ್ದರೆ ಅದನ್ನು ನಾನೇ ನಂಬಿಬಿಡುತ್ತಿದ್ದೆ.

"ನೆನಪಿಲ್ಲ ಅತ್ತೆ" ಎಂದೆ.

"ನಾನು ಕೇಳ್ದಾಗ್ಲೂ ಅವನು ಹಿಂಗೇ ಅಂದ. ನೆನಪಿಲ್ಲ ಅಂತ."

ಸಾಣೆಕಲ್ಲಿನ ಮೇಲೆ ಅಲಗು ಒಂದು ಕ್ಷಣ ನಿಂತಿತು, ಮತ್ತೆ ಆಡಿತು. ಕೇಳಲಿಲ್ಲ ಎಂದವಳು ಕೇಳಿದ್ದಳು. ಯಾವಾಗ, ಎಲ್ಲಿ, ಅಪ್ಪನ ಮುಖ ಆಗ ಹೇಗಿತ್ತು ಎಂಬ ಪ್ರಶ್ನೆಗಳೆಲ್ಲ ನನ್ನ ಬಾಯವರೆಗೆ ಬಂದವು. ಅತ್ತೆ ಸೆರಗಿನ ಅಂಚನ್ನು ಮಡಚಿ ಬಿಚ್ಚಿ ಮಾಡುತ್ತಿದ್ದಳು. ನುಂಗಿಕೊಂಡೆ.

"ಅಪ್ಪನ ಸಾಮಾನು ಇನ್ನೂ ಬೇಕಾದಷ್ಟಿದೆ ಅತ್ತೆ" ಎಂದೆ. "ಬಾಚಿ, ಬೈರಿಗೆ, ಉಳಿಗಳು. ಅದರಲ್ಲಿ ನಿಮ್ಮದು ಯಾವುದು, ನಮ್ಮದು ಯಾವುದು ನನಗೆ ಗೊತ್ತಿಲ್ಲ. ಗೊತ್ತಿದೆ ಅಂತ ಹೇಳಿದ್ರೂ ನೀವು ನಂಬಬೇಡಿ."

"ಬಾಯಾಗೆ ಹೇಳಿದ್ರೆ ನಂಗೂ ಗೊತ್ತಾಗಲ್ಲ" ಎಂದಳು. "ನೋಡ್ಬೇಕು."

"ಬಂದು ನೋಡ್ರಿ."

"ಸಾಮಾನು ನೋಡಾಕೆ ಬರ್ಲಾ?"

ಅವಳ ದನಿಯಲ್ಲಿ ಇದ್ದದ್ದು ಅನುಮಾನವೋ, ಬೇರೇನಾದರೂ ಇತ್ತೋ, ತೀರ್ಮಾನಿಸಲು ನನ್ನಿಂದ ಆಗಲಿಲ್ಲ.

"ಸಾಮಾನು ನೋಡೋಕೇ ಬರ್ರಿ" ಎಂದೆ. "ನಾಲ್ಕು ದಿನ ಇರೋ ಹಾಗೆ ಬರ್ರಿ. ಒಂದೊಂದೇ ಇಳಿಸಿ ನೋಡೋಣ."

ಅತ್ತೆ ಎದ್ದು ಒಳಗೆ ಹೋದಳು. ಟ್ರಂಕಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು. "ಲೇ" ಎಂದು ಒಳಗಿನಿಂದಲೇ ಮಗನನ್ನು ಕೂಗಿದಳು, "ಚಳ್ಳಕೆರೆಗೆ ಮಧ್ಯಾಹ್ನದ ಬಸ್ಸು ಎಷ್ಟೊತ್ತಿಗೈತೆ?"