ಮುಚ್ಚಿದ ಬಜಾರಿನ ಸುತ್ತಿಗೆ ಸದ್ದು

ಆಗ ನನಗೆ ಅರವತ್ತಾರು. ಆರು ವರ್ಷದ ಹಿಂದಿನ ಮಾತು. ಅಲ್ಲಿಯವರೆಗೆ ಯಾರಾದರೂ ಕಾಣದ್ದು ಕಂಡೆ, ಕೇಳದ್ದು ಕೇಳಿದೆ ಎಂದರೆ ನಾನು ಮುಖದ ಮೇಲೇ ನಗುತ್ತಿದ್ದೆ. ಹೊಟ್ಟೆ ತುಂಬ ಉಣ್ಣು, ಎಲ್ಲ ಹೋಗುತ್ತದೆ ಎನ್ನುತ್ತಿದ್ದೆ. ಮೂರನೇ ಇಯತ್ತೆ ಕಲಿತವಳು, ಚೆಂದ ಮಾಡಿ ಬರೆಯಲು ಬರುವುದಿಲ್ಲ. ನಡೆದದ್ದನ್ನು ಹೇಳುತ್ತೇನೆ.

ನನ್ನ ಗಂಡ ಹುಬ್ಬಳ್ಳಿಯಲ್ಲಿ ತಾಮ್ರದ ಪಾತ್ರೆ ಬಡಿಯುವವನು. ಮಗಳು ಆರು ತಿಂಗಳ ಕೂಸಿದ್ದಾಗ ಮುಂಬೈಯಲ್ಲಿ ಹಡಗು ಹತ್ತಿ ಇರಾನಿಗೆ ದುಡಿಯಲು ಹೋದ. ಎರಡು ಕಾಗದ ಬಂದವು. ಮೂರನೆಯದು ಬರಲಿಲ್ಲ. ನಲವತ್ತು ವರ್ಷ ಕಳೆಯಿತು. ಆ ವರ್ಷ ಹುಬ್ಬಳ್ಳಿಯಲ್ಲಿರುವ ನನ್ನ ಮೈದುನ ಹಟ ಹಿಡಿದ: ದರ್ಭೆಯ ಗೊಂಬೆ ಮಾಡಿ ಸುಟ್ಟು ಅಣ್ಣನ ಕರ್ಮ ಮುಗಿಸೋಣ, ಇಲ್ಲದಿದ್ದರೆ ಅವನಿಗೂ ಗತಿಯಿಲ್ಲ, ನಮಗೂ ಒಳ್ಳೆಯದಾಗುವುದಿಲ್ಲ ಎಂದ. ನಾನು ಹೂಂ ಎಂದೆ. ಸೋಮವಾರಕ್ಕೆ ಭಟ್ಟರನ್ನು ಗೊತ್ತು ಮಾಡಿದ. ಹೂಂ ಎಂದ ದಿನದಿಂದ ನನಗೆ ನಿದ್ದೆಯಿಲ್ಲ. ಬದುಕಿದವನನ್ನು ಸುಟ್ಟರೆ?

ನಾನಿರುವುದು ಇಂಗ್ಲೆಂಡಿನ ಬೀಸ್ಟನ್‌ನಲ್ಲಿ, ಮಗಳ ಮನೆಯಲ್ಲಿ. ಅವಳಿಗೆ ಯೂನಿವರ್ಸಿಟಿಯಲ್ಲಿ ಕೆಲಸ. ಜೊತೆಗೆ ಕೆಲಸ ಮಾಡುವ ಇರಾನಿ ಗೆಳತಿ ಈಸ್ಟರ್ ರಜೆಯಲ್ಲಿ ತನ್ನ ಊರು ಇಸ್ಫಹಾನ್ ನೋಡಲು ಕರೆದಳು. "ಅಪ್ಪನ್ನ ಹುಡಕಾಕ ಹೊಂಟಿಲ್ಲವ್ವಾ, ಊರ್ ನೋಡಾಕ ಅಷ್ಟ" ಎಂದು ಮಗಳು ನನಗೆ ಮೊದಲೇ ಹೇಳಿ, ತನ್ನ ಆರು ವರ್ಷದ ಮಗಳನ್ನು ನನ್ನ ಬಳಿ ಬಿಟ್ಟು ಹೋದಳು.

ದಿನಾ ಮಧ್ಯಾಹ್ನ ವಿಡಿಯೊ ಕಾಲ್ ಮಾಡಿ ಊರು ತೋರಿಸುತ್ತಿದ್ದಳು. ಕೆರೆಯಷ್ಟು ದೊಡ್ಡ ಚೌಕ, ನೀಲಿ ಗುಮ್ಮಟ, ಮೂವತ್ತಮೂರು ಕಮಾನಿನ ಸೇತುವೆ. ಸೇತುವೆಯ ಕೆಳಗೆ ಹನಿ ನೀರಿಲ್ಲ, ಹೊಳೆಯೊಳಗೆ ಜನ ನಡೆದಾಡುತ್ತಿದ್ದರು. ಊರ ಹೊರಗೆ ಪಾರಿವಾಳಗಳಿಗೆಂದೇ ಕಟ್ಟಿದ ಕೋಟೆಯಂಥ ಗೋಪುರ. ಹಿಕ್ಕೆ ಹೊಲಕ್ಕೆ ಗೊಬ್ಬರವಂತೆ. ಅದೊಂದು ನನಗೆ ಹಿಡಿಸಿತು. ಉಳಿದದ್ದಕ್ಕೆಲ್ಲ "ಛಲೋ ಐತಿ, ಉಂಡಿಯಿಲ್ಲೋ?" ಎನ್ನುತ್ತಿದ್ದೆ.

ಭಟ್ಟರು ಬರುವ ಸೋಮವಾರಕ್ಕೆ ಮೂರು ದಿನ ಉಳಿದಿತ್ತು. ಶುಕ್ರವಾರ ಅವಳು ಒಬ್ಬಳೇ ಹಳೆಯ ಬಜಾರಿನಲ್ಲಿದ್ದಳು. ಮೇಲೆ ಕಮಾನಿನ ಚಾವಣಿ, ಎರಡೂ ಕಡೆ ಮುಚ್ಚಿದ ಬಾಗಿಲುಗಳು. "ಇದು ತಾಮ್ರದವರ ಓಣಿ ಅಂತವ್ವಾ. ಇವತ್ತ ಸೂಟಿ, ಎಲ್ಲಾ ಬಂದ್" ಎಂದಳು.

ಆಗ ಫೋನಿನೊಳಗಿಂದ ಸುತ್ತಿಗೆ ಸದ್ದು ಕೇಳಿಸಿತು. ಪಾತ್ರೆ ಇಟ್ಟು ಬಡಿಯುವ ಅಡಿಗಲ್ಲಿನ ಮೇಲೆ ಎರಡು ಖಾಲಿ ಏಟು, ತಾಮ್ರದ ಮೇಲೆ ಮೂರು, ಪಾತ್ರೆ ತಿರುಗಿಸುವಷ್ಟು ಹೊತ್ತು ಸುಮ್ಮನೆ. ಮತ್ತೆ ಎರಡು, ಮತ್ತೆ ಮೂರು.

ನಿಮಗೆ ಒಂದು ಮಾತು ಹೇಳಬೇಕು. ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಹನ್ನೆರಡು ಮನೆ ಪಾತ್ರೆ ಬಡಿಯುವವರು, ಒಬ್ಬೊಬ್ಬರ ಕೈ ಒಂದೊಂದು ಥರ. ಒಲೆಯ ಮುಂದೆ ಕೂತೇ ಯಾವುದು ಯಾರ ಸದ್ದು ಎಂದು ಹೆಂಗಸರು ಹೇಳುತ್ತಿದ್ದೆವು. ತನ್ನವನ ಸುತ್ತಿಗೆ ನಿಂತಿತೆಂದರೆ ರೊಟ್ಟಿ ಬಡಿಯಲು ಕೂಡಬೇಕು, ತಡವಾದರೆ ಬೈಗುಳ. ಎಂಟು ವರ್ಷ ನನ್ನ ಗಂಡನ ಆ ಎರಡು-ಮೂರರ ಸದ್ದು ಕೇಳಿಯೇ ರೊಟ್ಟಿ ಬಡಿದವಳು ನಾನು. ಬೇರೆಯವನದನ್ನು ಅವನದು ಎಂದುಕೊಳ್ಳುವವಳಲ್ಲ.

"ಯಾರ್ ಬಡ್ಯಾಕತ್ತಾರ ನೋಡು" ಎಂದೆ.

"ಎಲ್ಲಿ? ಯಾರೂ ಇಲ್ಲವ್ವಾ. ಪಿಟ್ ಅನ್ನಂಗಿಲ್ಲ ಇಲ್ಲೆ."

ಅಷ್ಟರಲ್ಲಿ ನನ್ನ ಪಕ್ಕ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದ ಮೊಮ್ಮಗಳು ತಲೆಯೆತ್ತದೆ, "ಅಜ್ಜಿ, ಹೂ ಈಸ್ ಬ್ಯಾಂಗಿಂಗ್?" ಎಂದಳು. ಪೆನ್ಸಿಲಿನಿಂದ ಮೇಜು ಕುಟ್ಟಿದಳು. ಎರಡು, ಮೂರು, ಸುಮ್ಮನಾದಳು.

"ಮುಂದ ಹೋಗು, ಮುಂದ ಹೋಗಿ ನೋಡು" ಎಂದು ಚೀರಿದೆ. "ನಿನಗೇನ್ ಹುಚ್ಚ ಹಿಡದೈತೇನ?" ಎನ್ನುತ್ತಲೇ ಮಗಳು ಓಣಿಯೊಳಗೆ ನಡೆದಳು. ಸದ್ದು ಹತ್ತಿರವಾಯಿತು. ಎರಡು ಏಟು ಬಿದ್ದವು, ಮೂರರಲ್ಲಿ ಒಂದು ಬಿತ್ತು. ಫೋನು ಕಡಿದುಹೋಯಿತು.

ಒಂದು ತಾಸು ಅವಳ ಫೋನು ಹತ್ತಲಿಲ್ಲ. ನಾನೇ ಬಾಯಿಬಿಟ್ಟು ಮುಂದೆ ಹೋಗು ಎಂದಿದ್ದೆ. ಗಂಡನನ್ನು ನುಂಗಿದ ದೇಶ ಮಗಳನ್ನೂ ನುಂಗಿತು ಎಂದುಕೊಂಡು ಕಿಟಕಿಗೂ ಬಾಗಿಲಿಗೂ ತಿರುಗಾಡಿದೆ. ಕೂಸಿಗೆ ಊಟ ಹಾಕುವುದೂ ಮರೆತೆ. ಕೊನೆಗೆ ಮಗಳೇ ಫೋನು ಮಾಡಿದಳು. "ಚಾರ್ಜ್ ಮುಗದಿತ್ತವ್ವಾ. ಓಣಿ ತುದೀ ಮಟಾ ಹೋಗಿದ್ದೆ. ಎಲ್ಲಾ ಬಾಗಲಕ್ಕೂ ಹೊರಗಿಂದ ಕೀಲಿ. ನರಪಿಳ್ಳಿ ಇರಲಿಲ್ಲ."

ನೀನೇ ಬೆರಳಿನಿಂದ ಕುಟ್ಟಿರಬೇಕು, ಕೂಸು ಅದನ್ನು ಕೇಳಿರಬೇಕು ಎಂದು ಅವಳು ಈಗಲೂ ವಾದಿಸುತ್ತಾಳೆ. ನಾನು ಎರಡೂ ಕೈಯಲ್ಲಿ ಫೋನು ಹಿಡಿದಿದ್ದೆ. ಮೊಮ್ಮಗಳಿಗೆ ಈಗ ಏನೂ ನೆನಪಿಲ್ಲ. ಅದು ಬದುಕಿದವನ ಸದ್ದೋ ಸತ್ತವನದೋ ಎಂದು ಯೋಚಿಸಿ ಯೋಚಿಸಿ ಬಿಟ್ಟಿದ್ದೇನೆ. ನನಗೆ ತಿಳಿಯಲಿಲ್ಲ, ತಿಳಿಯುವುದೂ ಇಲ್ಲ.

ಮರುದಿನ ಬೆಳಿಗ್ಗೆ ಎದ್ದವಳೇ ಹುಬ್ಬಳ್ಳಿಗೆ ಫೋನು ಹಚ್ಚಿ, "ಸೋಮವಾರದ್ದು ಬ್ಯಾಡ" ಎಂದೆ.

"ಹಂಗಂದ್ರ ಹೆಂಗ ವೈನಿ? ಭಟ್ಟರಿಗೆ ಏನಂತ ಹೇಳ್ಲಿ?" ಎಂದ ಮೈದುನ.

"ನಿಮ್ಮಣ್ಣ ಇನ್ನೂ ಕೆಲಸದ ಮ್ಯಾಲೆ ಅದಾನಂತ ಹೇಳು" ಎಂದು ಫೋನು ಇಟ್ಟೆ.