ನಳಾ ಬಂದಾವ!

ಅಡುಗೆಮನೆಯ ನಳ ಕೆಮ್ಮಿತು. ಬೆಂಗೇರಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಭಾನುವಾರ ಮುಂಜಾನೆಯಿಂದ ನೀರು ನಿಲ್ಲಿಸಿ ಮೇಲಿನ ನೀರಿನ ಟಾಕಿ ತೊಳೆಯುತ್ತಿದ್ದರು. ನೀರು ಬರುವ ಮುನ್ನ ಗಾಳಿ ಬರುತ್ತದೆ. ಈ ಸದ್ದು ನಿಮಗೂ ಗೊತ್ತಿದ್ದರೆ ನಮಗೆ ಹೆಚ್ಚಿನ ಪರಿಚಯ ಬೇಕಿಲ್ಲ.

ಹಿಂದಿನ ದಿನವಷ್ಟೇ ನನಗೆ ಆನಂದಪಡುವುದನ್ನು ಕಲಿಸಲಾಗಿತ್ತು. ನಾನು ಪಾಠ ಮಾಡುವ ಧಾರವಾಡದ ಕೋಚಿಂಗ್ ಸೆಂಟರಿನಲ್ಲಿ ಶಿಕ್ಷಕರಿಗೆಲ್ಲ ‘ದಿನನಿತ್ಯದ ಬದುಕಿನಲ್ಲಿ ಆನಂದ’ ಎಂಬ ಶಿಬಿರ. ಹಾಜರಿ ಕಡ್ಡಾಯ, ಆನಂದಕ್ಕೆ ಬಾರದವರಿಗೆ ಅರ್ಧ ದಿನದ ರಜೆ ಕಡಿತ. ತರಬೇತುದಾರರು ಕೈ ಮೇಲೆತ್ತಿ ಮಕ್ಕಳಂತೆ ಕೂಗಿರೆಂದರು. ಗಣಿತದ ಸರ್ ಗರ್ಜಿಸಿದರು. ನಾನು ಹಾಜರಿ ಹೇಳುವಷ್ಟೇ ದನಿಯಲ್ಲಿ ‘ಹಾ’ ಅಂದೆ.

“ಮೇಡಮ್, ಸಣ್ಣವರಿದ್ದಾಗನೂ ಹಿಂಗ ಇದ್ರೇನ್ರಿ?” ಎಂದು ತರಬೇತುದಾರರು ಮೈಕಿನಲ್ಲೇ ಕೇಳಿದರು. “ಒಮ್ಮೆರ ಬಾಯಿ ಬಿಟ್ಟು ಕೂಗೀರಿಲ್ಲೋ?”

ಎಲ್ಲರೂ ನಕ್ಕರು. ಅವರಿಗೆ ಆನಂದ ಬಹಳ ಸುಲಭವಾಗಿ ಸಿಕ್ಕಿತು. ಆ ಪ್ರಶ್ನೆ ಮಾತ್ರ ಬಸ್ಸಿನಲ್ಲಿ ನನ್ನ ಪಕ್ಕವೇ ಕೂತು ಮನೆತನಕ ಬಂತು.

ಕೂಗಿದ್ದೆ. ಅದು ನನ್ನ ಕೆಲಸವೇ ಆಗಿತ್ತು.

ಕಮರಿಪೇಟೆಯ ನಮ್ಮ ಓಣಿಗೆ ಆಗ ವಾರಕ್ಕೊಮ್ಮೆ ನೀರು ಬರುತ್ತಿತ್ತು, ಬಂದರೆ. ಯಾವ ಹೊತ್ತಿಗೆ ಎಂದು ದೇವರೂ ಹೇಳುತ್ತಿರಲಿಲ್ಲ, ನೀರು ಬಿಡುವವನೂ ಹೇಳುತ್ತಿರಲಿಲ್ಲ. ಓಣಿಯವರ ಭಕ್ತಿ ಹೆಚ್ಚಾಗಿ ಎರಡನೆಯವನ ಮೇಲಿತ್ತು. ಎಲ್ಲರಿಗಿಂತ ತಗ್ಗಿನಲ್ಲಿದ್ದ ನಮ್ಮ ನಳಕ್ಕೇ ಮೊದಲ ನೀರು. ಅಜ್ಜಿ ಅದರ ಕೆಳಗೆ ಹಿತ್ತಾಳೆ ತಂಬಿಗೆಯನ್ನು ಬೋರಲು ಹಾಕಿ, ಎದುರಿಗೆ ನನ್ನನ್ನು ಕೂರಿಸುತ್ತಿದ್ದಳು. “ಇದಕ್ಕ ಬಾಯಿಲ್ಲ, ಆದ್ರ ಕಿವಿ ಭಾಳ ಛಲೋ ಅದಾವ,” ಎಂದು ನನ್ನನ್ನು ತೋರಿಸಿ ಹೇಳುತ್ತಿದ್ದಳು. ಯಾವ ಕೋಚಿಂಗೂ ಇಲ್ಲದೆ ನನಗೆ ಸಿಕ್ಕ ಒಂದೇ ನೌಕರಿ ಅದು.

ತಂಬಿಗೆಯ ಮೇಲೆ ಮೊದಲ ಹನಿ ಟಣ್ ಎಂದೊಡನೆ ಬಾಗಿಲಿಗೆ ಓಡಿ “ನಳಾ ಬಂದಾವೂ!” ಎಂದು ಕೂಗುತ್ತಿದ್ದೆ. ಓಣಿ ಎದ್ದುಬಿಡುತ್ತಿತ್ತು. ರೊಟ್ಟಿ ಬಡಿಯುತ್ತಿದ್ದವರು ಹಿಟ್ಟಿನ ಕೈಯಲ್ಲೇ ಕೊಡ ಹಿಡಿದು ಬರುತ್ತಿದ್ದರು. ಗಂಡನೊಡನೆ ಮಾತು ಬಿಟ್ಟಿದ್ದ ಎದುರುಮನೆಯ ಶಾಂತಕ್ಕ, “ನನ್ನ ಮಾರಿ ಏನ್ ನೋಡ್ತೀರಿ, ಬಕೆಟ್ ಹಿಡೀರಿ!” ಎಂದು ಅವನೊಡನೆ ರಾಜಿಯಾಗುತ್ತಿದ್ದಳು. ಕೊಡ ತುಂಬಿದ ಮೇಲೆ ಪಾತೇಲಿ, ಆಮೇಲೆ ನನ್ನ ಟಿಫಿನ್ ಡಬ್ಬಿ.

ಒಮ್ಮೆ ಬರೀ ಗಾಳಿಗೇ ಕೂಗಿಬಿಟ್ಟೆ. ಓಣಿಯೆಲ್ಲ ಬಂದು ನಿಂತಿತು. ನಳ ಒಮ್ಮೆ ಸೀನಿ ಸುಮ್ಮನಾಯಿತು.

“ಕೊಡದಾಗ ಗಾಳೀನ ತುಂಬ್ಕೊಂಡು ಹೋಗ್ಲೇನವಾ?” ಎಂದಳು ಶಾಂತಕ್ಕ.

ನನ್ನ ನೌಕರಿ ಹೋಯಿತೆಂದುಕೊಂಡೆ. ಅಜ್ಜಿ ಒಲೆಯ ಮೇಲೆ ದೊಡ್ಡ ಪಾತ್ರೆಯಿಟ್ಟಳು. “ಕೂಸು ಕರದದ, ನೀವು ಬಂದೀರಿ. ಇನ್ನೇನು, ಚಹಾ ಕುಡದು ಹೋಗ್ರಿ.”

ಇದನ್ನು ಯಾರೂ ಆನಂದ ಎನ್ನುತ್ತಿರಲಿಲ್ಲ, ನೀರಿನ ತ್ರಾಸು ಎನ್ನುತ್ತಿದ್ದರು. ಸರಿಯಾಗಿಯೇ ಎನ್ನುತ್ತಿದ್ದರು, ಕೊಡ ಹೊತ್ತ ಅವ್ವನ ಸೊಂಟ ಇಂದಿಗೂ ಅದಕ್ಕೆ ಸಾಕ್ಷಿ. ಈಗ ಇಡೀ ದಿನ ನೀರಿರುತ್ತದೆ, ನನಗೆ ಯಾವ ತಕರಾರೂ ಇಲ್ಲ. ನನ್ನ ಕೂಗಿನ ಅಗತ್ಯ ಯಾರಿಗೂ ಉಳಿಯಲಿಲ್ಲ, ಅಷ್ಟೆ. ಈ ಅಪಾರ್ಟ್‌ಮೆಂಟಿಗೆ ಬಂದು ವರ್ಷವಾಯಿತು. ಎದುರುಮನೆಯವರ ಹೆಸರು ಗೊತ್ತಿರುವುದು ಬಾಗಿಲಿನ ಫಲಕದಿಂದ. ಇದಕ್ಕೆ ಸಭ್ಯತೆ ಎಂಬ ಒಳ್ಳೆಯ ಹೆಸರಿದೆ.

ನಳ ಮತ್ತೆ ಕೆಮ್ಮಿತು. ಸಿಂಕಿನಲ್ಲಿ ಬೋರಲು ಬಿದ್ದಿದ್ದ ತಾಟಿನ ಮೇಲೆ ಹನಿಯೊಂದು ಟಣ್ ಎಂದಿತು. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ನಾನು ಮುಂಬಾಗಿಲು ತೆಗೆದು ನಿಂತಿದ್ದೆ.

“ನಳಾ ಬಂದಾವೂ!”

ಕೂಗು ಮೂರೂ ಮಹಡಿ ಹತ್ತಿ ಇಳಿಯಿತು. ಆಮೇಲಿನ ಮೌನದಲ್ಲಿ ನನ್ನ ಎಂ.ಎ. ಪದವಿ ತಲೆ ತಗ್ಗಿಸಿತು. ಮೆಲ್ಲಗೆ ಬಾಗಿಲು ಹಾಕಿಕೊಳ್ಳಬೇಕು ಎನ್ನುವಷ್ಟರಲ್ಲಿ ಎದುರಿನ ಬಾಗಿಲು ತೆರೆಯಿತು. ವರ್ಷವಿಡೀ ನನ್ನತ್ತ ತಲೆಯಷ್ಟೇ ಆಡಿಸಿದ್ದ ಹೆಂಗಸು, ಕೈಯಲ್ಲಿ ಬಕೆಟ್ ಹಿಡಿದು ಓಡಿಬಂದು ನಿಂತಿದ್ದರು.

“ಎಷ್ಟೊತ್ತು ಇರ್ತಾವಂತ್ರಿ?”

“ಇನ್ನ ಹೋಗಂಗಿಲ್ಲರಿ,” ಅಂದೆ.

ಅವರು ತಮ್ಮ ಬಕೆಟ್ ನೋಡಿಕೊಂಡರು. ನಾನೂ ನೋಡಿದೆ. ಮೊದಲು ನಕ್ಕವರು ಯಾರೋ ತಿಳಿಯಲಿಲ್ಲ.

“ಅಯ್ಯ, ನಿಮಗ ಇಷ್ಟು ದೊಡ್ಡ ದನಿ ಐತೇನ್ರಿ?”

“ಕರದೇನಿ, ಬಂದೀರಿ,” ಎಂದೆ. “ಇನ್ನೇನು, ಚಹಾ ಕುಡದು ಹೋಗ್ರಿ.”

ಅವರು ಬಕೆಟ್ ಸಮೇತ ಒಳಗೆ ಬಂದರು.