ಫ್ರಿಜ್ಜಿನೊಳಗೊಂದು ಚಳಿಗಾಲ

ಗೃಹಸ್ಥನ ಸ್ಥಾನಮಾನವನ್ನು ಅಳೆಯಬೇಕಾದರೆ ಮನೆಯ ಫ್ರಿಜ್ಜಿನಲ್ಲಿ ಅವನಿಗೆಷ್ಟು ಜಾಗವಿದೆಯೆಂದು ನೋಡಬೇಕು ಎಂಬುದು ನನ್ನ ಅನುಭವಜನ್ಯ ಸಿದ್ಧಾಂತ. ದುಬೈಯ ದೇರಾ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ನನ್ನ ಮೊಸರಿನ ಡಬ್ಬವನ್ನು ಒಂದು ಗಿಡ ಪದಚ್ಯುತಗೊಳಿಸಿತು.

ಜೆಬೆಲ್ ಅಲಿಯ ನಮ್ಮ ಆಫೀಸಿನಲ್ಲಿದ್ದ ಸ್ವೀಡನ್ನಿನ ಕರಿನ್ ಊರಿಗೆ ಮರಳುವಾಗ ಕುಂಡವೊಂದನ್ನು ನನ್ನ ಕೈಗಿತ್ತು, "ಲಿಂಗನ್‌ಬೆರಿ" ಎಂದಳು. ಶೈವಸಂಪ್ರದಾಯದ ಸಸ್ಯವಿರಬೇಕೆಂದು ಕೈಮುಗಿಯಲು ಹೊರಟಿದ್ದೆ. ವಿಚಾರಿಸಿದರೆ, ಹಿಮದಡಿಯಲ್ಲೂ ಹಸಿರು ಕಳೆದುಕೊಳ್ಳದೆ, ನೆಲಕ್ಕಂಟಿ ಹಬ್ಬಿ, ಕೆಂಪು ಹಣ್ಣು ಕೊಡುವ ಪೊದೆಯಂತೆ. "ಚಳಿಗಾಲ ಸಿಗದಿದ್ದರೆ ಇದು ಹೂ ಬಿಡುವುದಿಲ್ಲ" ಎಂದು ಎಚ್ಚರಿಸಿದಳು. ದುಬೈಯಲ್ಲಿ ಚಳಿಗಾಲವೆಂದರೆ ಏಸಿ ಆರಿಸಿ ಫ್ಯಾನು ಹಾಕುವ ಕಾಲವೆಂಬುದು ನಿಮಗೆ ಗೊತ್ತಲ್ಲ!

ಆ ವರ್ಷ ನನ್ನ ಹೆಂಡತಿ ವನಜಳ ತಂದೆ ಉಡುಪಿಯಲ್ಲಿ ತೀರಿಕೊಂಡಿದ್ದರು. ವೀಸಾ ನವೀಕರಣಕ್ಕೆ ಪಾಸ್‌ಪೋರ್ಟ್ ಕೊಟ್ಟಿದ್ದರಿಂದ ಅವಳಿಗೆ ಹೊರಡಲಾಗಲಿಲ್ಲ. ಅನಂತರ ಅಪ್ಪನ ಮಾತಿಲ್ಲ, ಊರಿನ ಮಾತಿಲ್ಲ. ರಜೆಯ ಪ್ರಸ್ತಾಪ ಬಂದರೆ "ಈ ಸಲ ಬೇಡ" ಎನ್ನುವಳು. ಅಂಥವಳು ಗಿಡದ ಪುಟ್ಟ ಎಲೆಗಳನ್ನು ಸವರಿ ನೋಡಿ, ತರಕಾರಿಯನ್ನೂ ನನ್ನ ಮೊಸರನ್ನೂ ಹೊರಹಾಕಿ, ಕುಂಡವನ್ನು ಫ್ರಿಜ್ಜಿನಲ್ಲಿ ಪ್ರತಿಷ್ಠಾಪಿಸಿದಳು.

"ಅಮ್ಮಾ, ವೇರ್ ಈಸ್ ಮೈ ಜ್ಯೂಸ್?" ಎಂದು ಮಗಳು ಗೋಳಾಡಿದಳು. ಪಕ್ಕದ ಫ್ಲ್ಯಾಟಿನ ಜುಬೇದಾ, ಪುತ್ತೂರಿನ ಕಡೆಯ ಬ್ಯಾರಿ ಹೆಂಗಸು, ಫ್ರಿಜ್ಜಿನ ಬಾಗಿಲು ತೆರೆದು ನೋಡಿ ಬಿದ್ದು ಬಿದ್ದು ನಕ್ಕಳು: "ಎಂತ ವನಜಕ್ಕ, ಸೊಪ್ಪನ್ನು ಮಣ್ಣು ಸಮೇತ ಇಡುವುದಾ?"

ಜನವರಿಯಲ್ಲಿ ಕುಂಡ ಬಾಲ್ಕನಿಗೆ ಬಂತು. ಸ್ವಲ್ಪ ದಿನಕ್ಕೆ ಬಿಳಿ ಗಂಟೆಗಳಂಥ ಹೂಗಳು. ನಮ್ಮ ಮಹಡಿಯಷ್ಟೆತ್ತರಕ್ಕೆ ಜೇನ್ನೊಣಗಳು ಬಾರವೆಂದು ವನಜ ಮಗಳ ಬಣ್ಣದ ಕುಂಚದಿಂದ ಹೂವಿನಿಂದ ಹೂವಿಗೆ ಪರಾಗ ಸವರಿದಳು. ಬಿಸಿಲೇರಿದಾಗ ಕುಂಡವನ್ನು ಏಸಿ ಕೋಣೆಯ ಕಿಟಕಿಗೆ ತಂದಳು. ಏಪ್ರಿಲ್ ಮುಗಿಯುವಷ್ಟರಲ್ಲಿ ಎಲೆಗಳ ನಡುವೆ ನಾಲ್ಕಾರು ಹಣ್ಣುಗಳು ಕೆಂಪಾದವು.

"ಅಲ್ಲಾ! ಇದು ನಮ್ಮ ಗುಡ್ಡೆಯ ಕೇಪುಳ ಹಣ್ಣಲ್ವಾ!" ಎಂದಳು ಜುಬೇದಾ, ಊರಿನ ಕೆಂಪು ಕಾಡುಹಣ್ಣನ್ನು ನೆನೆದು.

ವನಜ ಒಂದನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. "ಅಲ್ಲ ಜುಬೇದಾ, ಇದು ಬರೀ ಹುಳಿ. ಅಪ್ಪ ಗುಡ್ಡೆಯಿಂದ ಬರುವಾಗ ಮುಂಡಿನ ತುದಿಯಲ್ಲಿ ಕಟ್ಟಿ ತರುತ್ತಿದ್ದ ಕೇಪುಳ ಸಿಹಿ."

ತಂದೆ ಹೋದ ಮೇಲೆ ಅವಳ ಬಾಯಿಂದ 'ಅಪ್ಪ' ಎಂಬ ಶಬ್ದ ಬಂದದ್ದು ಅದೇ ಮೊದಲು. ಜುಬೇದಾ ಅವಳ ಕೈ ಹಿಡಿದು ಕೂತಳು. ಸಂಜೆಯವರೆಗೂ ಅಪ್ಪನ ಕಥೆಗಳು ಬರುತ್ತಲೇ ಇದ್ದವು: ಅವರ ಕೋಪ, ಅವರ ಗೊರಕೆ, ನಮ್ಮ ಮದುವೆಯ ದಿನ ಕೊಟ್ಟಿಗೆಯಲ್ಲಿ ಅಡಗಿ ಅತ್ತದ್ದು. ನಾನು ಮತ್ತೆ ಮತ್ತೆ ಚಹಾ ಮಾಡಿ ತಂದಿಟ್ಟೆ.

ಜುಬೇದಾ ಹೋದ ಮೇಲೆ ವನಜ ಊರಿಗೆ ಫೋನು ಹಚ್ಚಿದಳು.

"ಅಣ್ಣಾ, ಅಪ್ಪನ ಕೋಣೆ ಇನ್ನೂ ಖಾಲಿ ಮಾಡಿಲ್ಲ ತಾನೆ? ಹಾಗೇ ಇರಲಿ. ನಾನು ಬರ್ತೇನೆ."